"ಟಿಂಗ್" ಅಂದರೆ ಸಾವು? ರೈಫಲ್‌ಗಳ ಬಗ್ಗೆ ಹಬ್ಬಿದ ಕಥೆಗಳು

ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನ ರೈಫಲ್ "ಟಿಂಗ್" ಅಂದ ಕೂಡಲೇ ಶತ್ರು ಎದ್ದು ಬಂದು ಅವನನ್ನು ಮುಗಿಸುತ್ತಿದ್ದನಂತೆ. ನಿಜಾನಾ?

[ಸ್ಕ್ರೀನ್ ಮೇಲೆ: ಎಂ1 ಗ್ಯಾರಂಡ್]

ಆ ರೈಫಲ್ ಇದು. 1936ರಲ್ಲಿ ಸೇನೆಗೆ ಬಂತು. 8 ಗುಂಡು ಹಿಡಿದಿರುವ ಲೋಹದ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ತುಂಬಬೇಕು. ಎಂಟನೇ ಗುಂಡು ಹಾರಿದ ಮೇಲೆ ಖಾಲಿ ಕ್ಲಿಪ್ ತಾನಾಗಿಯೇ ಚಿಮ್ಮಿ ಹೊರಗೆ ಬೀಳುತ್ತದೆ. ಟಿಂಗ್!

ಈಗ ನೀವೇ ಆ ಶತ್ರು ಅಂದುಕೊಳ್ಳಿ. 100 ಮೀಟರ್ ದೂರದಲ್ಲಿ ಒಂದು ಗುಂಡಿಯೊಳಗೆ ಕೂತಿದ್ದೀರಿ. ಮೆಷಿನ್ ಗನ್ ಮೊರೆಯುತ್ತಿದೆ, ಶೆಲ್‌ಗಳು ಬೀಳುತ್ತಿವೆ, ನಿಮ್ಮದೇ ರೈಫಲ್ ಹೊಡೆದು ಹೊಡೆದು ಕಿವಿ ಗುಂಯ್ ಅನ್ನುತ್ತಿದೆ. ಇದರ ಮಧ್ಯೆ ಟಿಂಗ್ ಕೇಳಿಸಬೇಕು! ಸರಿ, ಕೇಳಿಸಿತು ಅಂತಲೇ ಇಟ್ಟುಕೊಳ್ಳೋಣ. ಬೂಟು, ಹೆಲ್ಮೆಟ್, ಬೆನ್ನ ಮೇಲಿನ ಹೊರೆ ಸಮೇತ ಓಡಬೇಕು. ಒಲಿಂಪಿಕ್ಸ್ ಓಟಗಾರನಿಗೇ 100 ಮೀಟರ್‌ಗೆ ಹತ್ತು ಸೆಕೆಂಡ್ ಹತ್ತಿರ ಬೇಕು. ಪಳಗಿದ ಸೈನಿಕನಿಗೆ ಹೊಸ ಕ್ಲಿಪ್ ಹಾಕಲು ನಾಲ್ಕೈದು ಸೆಕೆಂಡ್ ಸಾಕು.

ಓಡೋದು ಬೇಡ, ತಲೆ ಎತ್ತಿ ಹೊಡೆಯುತ್ತೇನೆ ಅಂತೀರಾ? ಎತ್ತಿ ನೋಡಿ. ಅವನ ತುಕಡಿಯಲ್ಲಿ 12 ಜನ. ಇವನ ಕ್ಲಿಪ್ ಖಾಲಿ, ಪಕ್ಕದವನದು ತುಂಬಿದೆ.

ಖಾಲಿ ಕ್ಲಿಪ್ ಎಸೆದು ಶತ್ರುವನ್ನು ಯಾಮಾರಿಸುತ್ತಿದ್ದರು ಅನ್ನುವ ಕಥೆಯೂ ಇದೆ. ಯುದ್ಧದ ನಡುವೆ ಅಷ್ಟು ಬಿಡುವಿದ್ದರೆ ಸುಮ್ನೆ ರೈಫಲ್ ತುಂಬಬಾರದಾ? ಗ್ಯಾರಂಡ್ ಹಿಡಿದವರನ್ನು ನಿಜವಾಗಿ ಕಾಡುತ್ತಿದ್ದದ್ದು ಅದರ ಬೋಲ್ಟ್, ಅಂದರೆ ಗುಂಡನ್ನು ನಳಿಕೆಯೊಳಗೆ ತಳ್ಳುವ ಲೋಹದ ತುಂಡು. ಕ್ಲಿಪ್ ಒತ್ತಿದ ಹೆಬ್ಬೆರಳನ್ನು ಚಕ್ಕನೆ ತೆಗೆಯದಿದ್ದರೆ ಅದು ಮುಂದೆ ನುಗ್ಗಿ ಬೆರಳನ್ನು ಜಜ್ಜುತ್ತದೆ. ಈ ರೈಫಲ್‌ನಿಂದ ನೋವು ತಿಂದವರಲ್ಲಿ ಅದರ ಮಾಲೀಕರೂ ಇದ್ದಾರೆ!

ಈಗ ಜಗಳ ಹಚ್ಚುವ ವಿಷಯ. ರಷ್ಯಾದ ಎಕೆ-47 ರೈಫಲ್ ಜಾಮ್ ಆಗುವುದೇ ಇಲ್ಲ, ಅಮೆರಿಕದ ಎಂ16 ರೈಫಲ್ ಬರೀ ಜಾಮ್, ಅಲ್ವಾ? ವಿಯೆಟ್ನಾಂನಲ್ಲಿ ಎಂ16 ಕೈಕೊಟ್ಟದ್ದು ನಿಜ. ಆದರೆ ಬರೀ ರೈಫಲ್ಲನ್ನು ಬೈದು ಪ್ರಯೋಜನವಿಲ್ಲ. ಗುಂಡಿನ ಮದ್ದನ್ನು ಬದಲಾಯಿಸಿದ್ದರು, ಅದರಿಂದ ಒಳಗೆ ಮಸಿ ಜಾಸ್ತಿ ಕಟ್ಟುತ್ತಿತ್ತು. ಗುಂಡು ಕೂರುವ ಜಾಗಕ್ಕೆ ಕ್ರೋಮ್ ಲೇಪನ ಇರಲಿಲ್ಲ, ಆ ತೇವದ ಹವೆಗೆ ತುಕ್ಕು ಹಿಡಿಯಿತು. ಸಾಲದ್ದಕ್ಕೆ ಸ್ವಚ್ಛ ಮಾಡುವ ಕಿಟ್ ಎಲ್ಲರಿಗೂ ಸಿಕ್ಕಿರಲಿಲ್ಲ. ಹಾರಿದ ಗುಂಡಿನ ಖಾಲಿ ತೋಟಾ ಒಳಗೇ ಕಚ್ಚಿಕೊಂಡಾಗ, ನಳಿಕೆಯ ಬಾಯಿಂದ ಸರಳು ತೂರಿಸಿ ಅದನ್ನು ಹಿಂದಕ್ಕೆ ದೂಡಬೇಕಿತ್ತು. ಎದುರಿನಿಂದ ಗುಂಡು ಬರುತ್ತಿರುವಾಗ! 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಇದನ್ನೇ ತನಿಖೆ ಮಾಡಿತು. ಕ್ರೋಮ್ ಬಂತು, ಕಿಟ್ ಬಂತು, ದೂರು ಇಳಿಯಿತು.

ಎಕೆ ಗಟ್ಟಿ, ಒಪ್ಪಿದೆ. ಆದರೆ ಗುಂಡು ತಪ್ಪಿ ಹಾರದಂತೆ ತಡೆಯುವ ಅದರ ಸೇಫ್ಟಿ ಪಟ್ಟಿ ಕೆಳಗಿಳಿಸಿದರೆ ಬಲಬದಿಯಲ್ಲಿ ಒಂದು ಉದ್ದ ಸಂದಿ ತೆರೆದುಕೊಳ್ಳುತ್ತದೆ. ಕೆಸರು ನೇರ ಒಳಗೆ. ಮುಚ್ಚಳ ಹಾಕಿದ ಎಂ16 ಇಂಥ ಕೆಸರಿನಲ್ಲಿ ಎಷ್ಟೋ ವಾಸಿ.

[ಟೈಮರ್ ಕೆಂಪಾಗುತ್ತದೆ]

ಟೈಮ್ ಇಲ್ಲ, ಉಳಿದದ್ದು ಫಟಾಫಟ್. ಗುಂಡು ತಗಲಿದವನು ಗಾಳಿಯಲ್ಲಿ ಹಾರಿ ಬೀಳುತ್ತಾನಾ? ಇಲ್ಲ. 9.5 ಗ್ರಾಂ ತೂಕದ, ಸೆಕೆಂಡಿಗೆ 840 ಮೀಟರ್ ವೇಗದ ರೈಫಲ್ ಗುಂಡು 70 ಕೆಜಿ ದೇಹದಲ್ಲೇ ಪೂರ್ತಿ ನಿಂತರೂ, ದೇಹಕ್ಕೆ ಸಿಗುವ ವೇಗ ಸೆಕೆಂಡಿಗೆ ಸುಮಾರು 11 ಸೆಂಟಿಮೀಟರ್. ರಶ್ ಬಸ್ಸಿನಲ್ಲಿ ಪಕ್ಕದವರು ತಳ್ಳುವುದೇ ಇದಕ್ಕಿಂತ ಜೋರು. ಜನ ಕುಸಿಯುವುದು ಗಾಯದಿಂದ, ತಳ್ಳಾಟದಿಂದಲ್ಲ.

.50 ಕ್ಯಾಲಿಬರ್, ಅಂದರೆ ಅರ್ಧ ಇಂಚು ದಪ್ಪದ ಗುಂಡು ಪಕ್ಕದಲ್ಲಿ ಹಾದುಹೋದರೂ ಕೈ ಕಿತ್ತುಬರುತ್ತದೆ ಅನ್ನೋದು? ಸುಳ್ಳು. ಚಟ್ ಅಂತ ಸದ್ದು ಬರುತ್ತದೆ, ಅಷ್ಟೇ. ಅದನ್ನು ಮನುಷ್ಯರ ಮೇಲೆ ಬಳಸುವುದು ಕಾನೂನುಬಾಹಿರ ಅನ್ನೋದೂ ಬುರುಡೆ. ಯುದ್ಧದ ಆಯುಧಗಳ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದವಾದ 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಬೇಡ ಅಂದದ್ದು 400 ಗ್ರಾಂಗಿಂತ ಹಗುರವಾದ, ಸಿಡಿಯುವ ಅಥವಾ ಬೆಂಕಿ ಹಚ್ಚುವ ಗುಂಡುಗಳನ್ನು. ಮಾಮೂಲಿ .50 ಗುಂಡು ಸಿಡಿಯುವುದಿಲ್ಲ.

ಎಕೆ ಅಭಿಮಾನಿಗಳೇ, ಬೈಗುಳ ಕೆಳಗೆ ಹಾಕಿ. ಕೆಸರಿನ ವಿಡಿಯೋ ಲಿಂಕ್ ಜೊತೆಗಿದ್ದರೆ ಪಿನ್ ಮಾಡುತ್ತೇನೆ.