ಸತ್ತ ಇಲಿಯ ಮೈಮೇಲಿನ ಚಿಗಟ

ಕೇಳುಗರಿಗೆ ನಮಸ್ಕಾರ. ಮೆಕ್ಕೆಜೋಳ ಮನೆಗೆ ಬಂದರೆ ಇಲಿ, ಹೆಗ್ಗಣಗಳೂ ಹಿಂದೆಯೇ ಬರುತ್ತವೆ. ಜಗಳೂರು, ಹೊಳಲ್ಕೆರೆ ಕಡೆಯ ರೈತರಿಗೆ ಇದನ್ನು ನಾನು ಹೇಳಬೇಕಿಲ್ಲ. ಇವತ್ತು ಒಂದೇ ಮಾತು ನೆನಪಿಡಿ: ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಸತ್ತ ಮೇಲೆ ಇಲಿ ಏನು ಮಾಡೀತು ಅಂತೀರಿ, ಅಲ್ವಾ? ಇಲಿಯಲ್ಲ, ಅದರ ಮೈಮೇಲಿನ ಚಿಗಟ ಮಾಡುತ್ತದೆ. ಚಿಗಟಕ್ಕೆ ಬಿಸಿ ರಕ್ತ ಬೇಕು. ಇಲಿಯ ಮೈ ತಣ್ಣಗಾಗುತ್ತಿದ್ದ ಹಾಗೆ ಅದು ಬೇರೆ ಬಿಸಿ ಮೈ ಹುಡುಕುತ್ತದೆ. ನಿಮ್ಮ ಕೈ ಹತ್ತಿರ ಇದ್ದರೆ ಅದಕ್ಕೇ ಜಿಗಿಯುತ್ತದೆ, ಇಲಿಯ ರೋಗವನ್ನೂ ಜೊತೆಗೆ ತರಬಹುದು.

ಇದನ್ನು ತೋರಿಸಿಕೊಟ್ಟವರು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು. ಇಸವಿ 1898, ಪ್ಲೇಗಿನ ಕಾಲ. ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸಿಮೊಂಡ್ ಆಗ ಕರಾಚಿಯಲ್ಲಿದ್ದರು. ಪ್ಲೇಗ್ ಬಡಿದ ಇಲಿಯೊಂದನ್ನು ದೊಡ್ಡ ಗಾಜಿನ ಜಾಡಿಗೆ ಹಾಕಿದರು. ಚಿಗಟ ಸಾಲದು ಅಂತ ಬೆಕ್ಕಿನ ಮೈಯಿಂದ ಇನ್ನಷ್ಟು ತಂದು ಬಿಟ್ಟರು. ಆ ಇಲಿ ಸಾಯುವ ಹೊತ್ತಿಗೆ, ಆರೋಗ್ಯವಾಗಿದ್ದ ಇನ್ನೊಂದನ್ನು ತಂತಿಯ ಪುಟ್ಟ ಪಂಜರದಲ್ಲಿಟ್ಟು ಅದೇ ಜಾಡಿಯೊಳಗೆ ಇಳಿಬಿಟ್ಟರು. ಒಂದನ್ನೊಂದು ಮುಟ್ಟಲು ಸಾಧ್ಯವೇ ಇರಲಿಲ್ಲ. ಮೊದಲನೆಯದು ಸತ್ತಿತು. ಕೆಲವೇ ದಿನಗಳಲ್ಲಿ ಪಂಜರದ್ದೂ ಪ್ಲೇಗಿನಿಂದಲೇ ಸತ್ತಿತು. ಕೆಳಗಿನಿಂದ ಮೇಲಕ್ಕೆ ಹೋಗಬಲ್ಲದ್ದು ಚಿಗಟ ಒಂದೇ! ಇಷ್ಟು ಸ್ಪಷ್ಟವಾಗಿದ್ದರೂ ದೊಡ್ಡ ದೊಡ್ಡವರು ವರ್ಷಗಟ್ಟಲೆ ಒಪ್ಪಲಿಲ್ಲ. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾಡುಪ್ರಾಣಿಗಳ ವಿಷಯವೂ ಇದೇ. ಅವುಗಳ ಚಿಗಟದಲ್ಲಿ ಯಾವ ರೋಗವಿದೆ ಅಂತ ಪರೀಕ್ಷೆ ಮಾಡುವುದು ನಮ್ಮ ಕೆಲಸ. ಕಾಡಿಲಿ, ಮುಂಗುಸಿ, ನರಿಗಳ ಕೂದಲನ್ನು ಬಿಳಿ ತಟ್ಟೆಯ ಮೇಲೆ ಬಾಚಿ, ಉದುರಿದ ಚಿಗಟಗಳನ್ನು ಸ್ಪಿರಿಟ್ ಇರುವ ಶೀಶೆಗೆ ಹಾಕುತ್ತೇವೆ. ಒಂದು ಪ್ರಾಣಿಗೆ ಒಂದೇ ಶೀಶೆ. ಬೆರೆಸಿದರೆ ಯಾವ ಚಿಗಟ ಯಾರದ್ದೆಂದು ತಿಳಿಯುವುದಿಲ್ಲ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಜಾತಿ ನೋಡುತ್ತೇವೆ. ಬೆಕ್ಕಿನ ಚಿಗಟಕ್ಕೆ ಕೆನ್ನೆಯಡಿ ಬಾಚಣಿಗೆಯ ಹಲ್ಲಿನಂಥ ಕಪ್ಪು ಮುಳ್ಳಿನ ಸಾಲಿದೆ. ಇಲಿಯ ಚಿಗಟಕ್ಕಿಲ್ಲ. ಜಾತಿ ಗೊತ್ತಾದ ಮೇಲೆ ಅರೆದು, ಪಿಸಿಆರ್ ಪರೀಕ್ಷೆಯಲ್ಲಿ ಪ್ಲೇಗ್, ಬಾರ್ಟೊನೆಲ್ಲಾ, ರಿಕೆಟ್ಸಿಯಾ ಬ್ಯಾಕ್ಟೀರಿಯಾಗಳ ಡಿಎನ್‌ಎ ಹುಡುಕುತ್ತೇವೆ. ಚಿಗಟದ ಹಿಕ್ಕೆಯಲ್ಲಿರುವ ಒಂದು ರಿಕೆಟ್ಸಿಯಾ, ಕೆರೆದ ಗಾಯಕ್ಕೆ ಸೇರಿದರೂ ಸಾಕು, ಟೈಫಸ್ ಜ್ವರ ಬರುತ್ತದೆ.

ಸಮಯ ಜಾಸ್ತಿ ಉಳಿದಿಲ್ಲ. ಪಾಷಾಣ ಇಟ್ಟು ಇಲಿ ಕೊಂದಿರಾ? ಸತ್ತದ್ದನ್ನು ಇಕ್ಕಳದಲ್ಲಿ ಎತ್ತಿ, ಆಳವಾಗಿ ಹೂಳಿ. ಬರಿಗೈ ಬೇಡವೇ ಬೇಡ, ಮಕ್ಕಳ ಕೈಗಂತೂ ಕೊಡಲೇಬೇಡಿ. ಪಾಷಾಣ ಇಡದೆಯೂ ಇಲಿಗಳು ಒಂದರ ಹಿಂದೊಂದು ಸತ್ತರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಇಲಿ ಸತ್ತ ವಿಷಯವನ್ನು ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ನಮಸ್ಕಾರ.