ಪಡುವಣ ಗೋಡೆಗೆ ಯಾವ ಮರ?

ಎಲ್ಲರಿಗೂ ನಮಸ್ಕಾರ.

ಮೇ ಕೊನೆಯ ಪತ್ತನಾಜೆ ಕಳೆಯಿತು. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರು. ಇನ್ನು ಮಳೆ ಹಿಡಿದರೆ ಊರು ತುಂಬ ಸಸಿ ಹಂಚುವ ಕಾರ್ಯಕ್ರಮ. ಸಿಕ್ಕಿದ ಸಸಿಯನ್ನು ಮನೆಗೆ ತರುತ್ತೇವೆ, ಗೇಟಿನ ಪಕ್ಕ ಖಾಲಿ ಕಂಡಲ್ಲಿ ನೆಡುತ್ತೇವೆ. ಅದು ಎಷ್ಟು ಎತ್ತರ ಹೋಗುತ್ತದೆ, ಮೇಲೆ ಕರೆಂಟಿನ ತಂತಿ ಇದೆಯಾ, ಇದು ಯಾವುದೂ ಆ ಹೊತ್ತಿಗೆ ತಲೆಗೆ ಬರುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಮರ ಕಡಿಯುವವರನ್ನು ಹುಡುಕುತ್ತೇವೆ. ಬೆಳೆದು ನಿಂತ ಮರ ಉರುಳುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅದಕ್ಕೇ ಸಂಘದವರು ಕರೆದ ಕೂಡಲೇ ಬರುತ್ತೇನೆ ಅಂದೆ.

ಸಿಕ್ಕವರೆಲ್ಲ ಕೇಳುವುದು, "ಮನೆ ಹತ್ತಿರ ಯಾವ ಮರ ನೆಡಬಹುದು?" ನಾನು ತಿರುಗಿ ಕೇಳುವುದು, "ನಿಮ್ಮ ಮನೆಯ ಪಡು ಬದಿಯಲ್ಲಿ ಈಗ ಏನಿದೆ?" ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೊಂದೇ. ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಉಡುಪಿಯಲ್ಲಿ ಪಡುವಣ ಅಂದರೆ ಕಡಲು. ಆ ಕಡೆಯಿಂದ ನಮ್ಮ ಮನೆಗೆ ಬಿಸಿಲು ಬರುತ್ತದೆ, ಗಾಳಿ ಬರುತ್ತದೆ, ಮಳೆಯೂ ಬರುತ್ತದೆ.

ಮೊದಲು ಬಿಸಿಲು. ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿದರೆ ನೆರಳೇ ಕಾಣುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನ ಅವನು ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಮೇ ತಿಂಗಳಲ್ಲಿ ನಮ್ಮ ತೆಂಕು ಗೋಡೆಗೆ ಹೆಚ್ಚು ಬಿಸಿಲಿಲ್ಲ. ದಕ್ಷಿಣಕ್ಕೆ ಮರ ನೆಟ್ಟು ಬೇಸಿಗೆ ತಂಪಾಗಲಿ ಅಂತ ಕಾದರೆ ಪ್ರಯೋಜನ ಇಲ್ಲ. ಮೂಡು ಗೋಡೆಗೆ ಬೆಳಗ್ಗಿನ ಬಿಸಿಲು ಬೀಳುತ್ತದೆ ನಿಜ, ಆದರೆ ಆಗ ಮನೆ ಇನ್ನೂ ರಾತ್ರಿಯ ತಂಪಿನಲ್ಲಿರುತ್ತದೆ. ಪಡು ಗೋಡೆಯದ್ದೇ ಕಷ್ಟ. ಎರಡು ಗಂಟೆಯಿಂದ ಹೊತ್ತು ಮುಳುಗುವವರೆಗೆ ನೇರ ಬಿಸಿಲು ತಿನ್ನುತ್ತದೆ. ರಾತ್ರಿ ಹತ್ತಕ್ಕೆ ಆ ಗೋಡೆ ಮುಟ್ಟಿ ನೋಡಿ, ಇನ್ನೂ ಬಿಸಿ ಇರುತ್ತದೆ. ನಮ್ಮ ಮಲಗುವ ಕೋಣೆ ಹೆಚ್ಚಾಗಿ ಅದೇ ಗೋಡೆಗೆ ತಾಗಿಕೊಂಡಿರುತ್ತದೆ, ಅಲ್ವಾ?

ಇನ್ನು ಗಾಳಿ. ನಮ್ಮದು ಬೆವರಿನ ಸೆಕೆ. ಬಯಲುಸೀಮೆಯವರಿಗೆ ನೆರಳು ಸಿಕ್ಕಿದರೆ ಸಾಕು, ನಮಗೆ ನೆರಳಿನ ಜೊತೆ ಗಾಳಿಯೂ ಬೇಕು. ಆ ಗಾಳಿ ಮಧ್ಯಾಹ್ನದ ಮೇಲೆ ಕಡಲಿನಿಂದ ಬರುತ್ತದೆ, ಅದೇ ಪಡುವಣದಿಂದ. ಅಲ್ಲಿ ದಟ್ಟವಾಗಿ ಗಿಡ ಬೆಳೆಸಿ ಬೇಲಿ ಕಟ್ಟಿದರೆ ಬಿಸಿಲಿನ ಜೊತೆ ಗಾಳಿಯೂ ನಿಲ್ಲುತ್ತದೆ. ಬೇಕಾದದ್ದು ಕೆಳಗೆ ಬರೀ ಕಾಂಡ, ಮೇಲೆ ದಟ್ಟ ಎಲೆ ಇರುವ ಮರ. ಕೆಳಗಿನ ರೆಂಬೆಗಳನ್ನು ವರ್ಷಕ್ಕೆ ಒಂದೆರಡರಂತೆ ತೆಗೆಯುತ್ತಾ ಹೋದರೆ ಕಿಟಕಿಗೆ ಗಾಳಿ ಬರುತ್ತದೆ, ಗೋಡೆಗೆ ನೆರಳು ಬೀಳುತ್ತದೆ.

ಮಳೆಗಾಲದ ಬಿರುಗಾಳಿಯೂ ಅದೇ ಕಡೆಯಿಂದ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ನೆನೆದು ಮೆತ್ತಗಾಗಿರುವಾಗಲೇ ಗಾಳಿ ಜೋರಾಗುತ್ತದೆ. ಪಡುವಣದ ಮರ ಬಿದ್ದರೆ ಮನೆಯ ಕಡೆಗೇ ಬೀಳುತ್ತದೆ. ಹಾಗಾಗಿ ಅಲ್ಲಿ ನಿಲ್ಲುವ ಮರ ಗಟ್ಟಿ ಇರಬೇಕು, ಬೇರು ಬಿಗಿಯಾಗಿರಬೇಕು, ಮಿತಿಮೀರಿ ಎತ್ತರ ಹೋಗಬಾರದು. ಇಷ್ಟು ಯೋಚಿಸಿದರೆ ಮರಗಳ ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ.

ಮಲ್ಪೆ ಕಡೆ ನನ್ನ ದೊಡ್ಡಮ್ಮನ ಮನೆ ಇತ್ತು. ಇಲ್ಲಿ ಕೆಲವರು ಈ ಕಥೆ ಮೊದಲೇ ಕೇಳಿದ್ದೀರಿ, ಮುಂದಿನ ಸಾಲಿನಲ್ಲಿ ನಗು ಶುರುವಾಗಿದೆ. ಆದರೂ ಹೇಳುತ್ತೇನೆ. ಹಳೆಯ ಹಂಚಿನ ಮನೆ ತೆಗೆದು ಮಕ್ಕಳು ಟೆರೇಸ್ ಮನೆ ಕಟ್ಟಿಸಲು ಹೊರಟರು. ಪಡುವಣಕ್ಕೆ ಒಂದು ಸುರಹೊನ್ನೆ ಮರ. ಕಾರು ನಿಲ್ಲಿಸುವ ಜಾಗ ನಕ್ಷೆಯಲ್ಲಿ ಸರಿಯಾಗಿ ಆ ಮರದ ಮೇಲೆಯೇ ಬಂದಿತ್ತು. ಗುತ್ತಿಗೆದಾರ ಹೇಳಿದ, "ಅಮ್ಮ, ಇದನ್ನು ತೆಗೆಯುವ. ಎಲೆ ಬಿದ್ದು ಟೆರೇಸಿನ ಪೈಪ್ ಕಟ್ಟುತ್ತದೆ. ಗಾಳಿಗೆ ಬಿದ್ದರೆ ಮತ್ತೆ ನನ್ನನ್ನು ಹೇಳಬೇಡಿ." ದೊಡ್ಡಮ್ಮ ದನದ ಹಟ್ಟಿಯಿಂದ ಆಗಷ್ಟೇ ಬಂದವರು, ಕೈಯಲ್ಲಿ ಹಾಲಿನ ಚೆಂಬು. ಅಲ್ಲೇ ಮರದ ಬುಡದಲ್ಲಿ ಕೂತರು. "ಎಂತ ಮಾರಾಯ, ನಾನು ಮದುವೆಯಾಗಿ ಬರುವಾಗಲೇ ಈ ಮರ ಇಷ್ಟು ದಪ್ಪ ಇತ್ತು. ಅಲ್ಲಿಂದ ಇಲ್ಲಿವರೆಗೆ ಕಡಲ ಗಾಳಿಗೆ ಬೀಳದ್ದು ನಿನ್ನ ಮನೆ ಕಟ್ಟಿದ ಕೂಡಲೇ ಬೀಳ್ತದಾ?" ಗಂಡುಮಕ್ಕಳು ಇಬ್ಬರೂ ಸಮಾಧಾನ ಮಾಡಿ ನೋಡಿದರು. ಊಟಕ್ಕೆ ಕರೆದರು. ಏಳಲಿಲ್ಲ. ಕೊನೆಗೆ ಗುತ್ತಿಗೆದಾರನೇ ಟೇಪು ಹಿಡಿದು ಅಳೆದು, ಕಾರಿನ ಜಾಗವನ್ನು ಬಡಗು ಬದಿಗೆ, ಅಂದರೆ ಉತ್ತರಕ್ಕೆ, ಸರಿಸಿದ.

ಕಥೆಯ ಮುಖ್ಯ ಭಾಗ ಇನ್ನು ಬರುವುದು. ಹೊಸ ಮನೆಯಲ್ಲಿ ಪಡುವಣಕ್ಕೆ ಎರಡು ಕೋಣೆ. ಒಂದೇ ಅಳತೆ, ಒಂದೇ ಕಲ್ಲು, ಒಂದೇ ಸಿಮೆಂಟು. ಒಂದಕ್ಕೆ ಸುರಹೊನ್ನೆಯ ನೆರಳು ಬೀಳುತ್ತಿತ್ತು, ಇನ್ನೊಂದಕ್ಕೆ ಇಲ್ಲ. ಮೇ ರಜೆಯಲ್ಲಿ ಮೊಮ್ಮಕ್ಕಳು ಬಂದರೆ ಊಟ ಮಾಡಿ ಎಲ್ಲರೂ ಚಾಪೆ ಎಳೆದುಕೊಂಡು ಹೋಗುತ್ತಿದ್ದದ್ದು ಒಂದೇ ಕೋಣೆಗೆ. ಯಾವುದಕ್ಕೆ ಅಂತ ನಾನು ಹೇಳಬೇಕಾಗಿಲ್ಲ. ಇನ್ನೊಂದು ಕೋಣೆಗೆ ಆಮೇಲೆ ಏಸಿ ಹಾಕಿಸಿದರು. ಬೇರೆ ಪುರಾವೆ ಏನು ಬೇಕು ಹೇಳಿ!

ಸುರಹೊನ್ನೆ ಕಡಲ ಕರೆಯಲ್ಲೇ ಹುಟ್ಟಿ ಬೆಳೆಯುವ ಮರ. ಉಪ್ಪು ಗಾಳಿಗೆ, ಹೊಯಿಗೆ ಮರಳಿಗೆ ಹೆದರುವುದಿಲ್ಲ. ವರ್ಷವಿಡೀ ಹಸಿರು. ಎಲೆ ದಪ್ಪ, ಹೊಳಪು. ಬಿಳಿ ಹೂವಿಗೆ ಒಳ್ಳೆಯ ಪರಿಮಳ. ಹಿಂದೆ ದೀಪಕ್ಕೆ ಇದರ ಬೀಜದ ಎಣ್ಣೆ, ದೋಣಿಗೆ ಇದರ ಮರ. ಬೆಳೆಯುವುದು ನಿಧಾನ, ಅಗಲವಾಗಿ ಹರಡುತ್ತದೆ. ಹಾಗಾಗಿ ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರ ಬೇಕು. ಅಷ್ಟು ಜಾಗ ಇದ್ದವರು ಬೇರೆ ಯೋಚನೆ ಮಾಡಬೇಡಿ.

ಐದಾರು ಸೆಂಟ್ಸ್ ಜಾಗದವರಿಗೆ ನನ್ನ ಉತ್ತರ ರೆಂಜ. ಬಕುಳ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಗುಂಡಗಿನ ದಟ್ಟ ತಲೆ, ಗಟ್ಟಿ ಮರ, ಎಲೆ ಒಟ್ಟಿಗೆ ಉದುರುವುದಿಲ್ಲ. ಬೆಳಗ್ಗೆ ಬುಡದಲ್ಲಿ ಹೂ ಬಿದ್ದಿರುತ್ತದೆ, ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಗೋಡೆಯಿಂದ ಹನ್ನೆರಡು ಹದಿನೈದು ಅಡಿ ಬಿಟ್ಟರೆ ಸಾಕು.

ಇನ್ನು ಪುನರ್ಪುಳಿ, ಕೋಕಂ ಅಂತಲೂ ಹೇಳುತ್ತಾರೆ. ಶರಬತ್ತು ಕುಡಿಯದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅಂಗಳದಲ್ಲಿ ಅದರ ಮರ ಎಷ್ಟು ಜನರಿಗಿದೆ? ನೋಡಿ, ಕೈ ಎತ್ತಿದವರು ಎಷ್ಟು ಕಡಿಮೆ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ನೆಟ್ಟು ಏಳೆಂಟು ವರ್ಷ ಕಾದ ಮೇಲೆ ಗಂಡು ಅಂತ ಗೊತ್ತಾದರೆ ಬೇಜಾರಾಗುತ್ತದೆ. ಹಣ್ಣು ಬೇಕಾದವರು ಕಸಿ ಸಸಿಯನ್ನೇ ತನ್ನಿ. ಬರೀ ನೆರಳಿಗಾದರೆ ಯಾವುದಾದರೂ ಆದೀತು.

ಯಾವ ಮರ ಅಂತ ಇನ್ನೂ ಗೊಂದಲ ಇದ್ದರೆ ನಿಮ್ಮ ಊರಿನ ನಾಗಬನಕ್ಕೆ ಹೋಗಿ ತಲೆ ಎತ್ತಿ ನೋಡಿ. ಸುರಗಿ, ರೆಂಜ, ಹೊನ್ನೆ ಇರುತ್ತವೆ. ಅವಕ್ಕೆ ಯಾರೂ ನೀರು ಹೊಯ್ದಿಲ್ಲ, ಗೊಬ್ಬರ ಹಾಕಿಲ್ಲ. ಈ ಮಣ್ಣಿಗೆ, ಈ ಮಳೆಗೆ ಯಾವುದು ಆಗುತ್ತದೆ ಅಂತ ಅಲ್ಲಿಯೇ ಗೊತ್ತಾಗುತ್ತದೆ. ಕೆಲವು ಬನಗಳಲ್ಲಿ ಈಗ ಮರ ಹೋಗಿ ಕಾಂಕ್ರೀಟ್ ಕಟ್ಟೆ ಮಾತ್ರ ಉಳಿದಿದೆ. ಅದು ನನಗೆ ತುಂಬಾ ಸಂಕಟದ ವಿಷಯ. ಇನ್ನೊಂದು ದಿನ ಮಾತಾಡೋಣ.

ಬನದಲ್ಲಿದ್ದದ್ದೆಲ್ಲ ಮನೆಗೆ ಆಗುತ್ತದೆ ಅಂತಲ್ಲ. ಪಾಲೆ ಮರ ಮನೆಯಲ್ಲೇ ಇದ್ದರೆ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಷಾಯಕ್ಕೆ ಕೆತ್ತೆ, ಅಂದರೆ ಅದರ ತೊಗಟೆ, ಹುಡುಕಿಕೊಂಡು ಹೋಗುವುದು ಬೇಡವಲ್ಲ ಅಂತ ಒಬ್ಬರು ಕೇಳಿದ್ದರು. ಪಾಲೆ ತುಂಬಾ ಎತ್ತರ ಹೋಗುತ್ತದೆ, ಮರ ಮೆದು. ಅದು ಗುಡ್ಡೆಯಲ್ಲೇ ಇರಲಿ. ಕೆತ್ತೆಗೆ ಹೋಗುವಾಗ ಮರದ ಪರಿಚಯ ಇದ್ದವರನ್ನು ಕರೆದುಕೊಂಡು ಹೋಗಿ. ಕತ್ತಲಲ್ಲಿ ತಪ್ಪಿ ವಿಷದ ಕಾಸರಕ ಮರದ ಕೆತ್ತೆ ತಂದರೆ ಜೀವಕ್ಕೇ ಅಪಾಯ.

ಬೇಡದ ಮರಗಳಲ್ಲಿ ಮೊದಲನೆಯದು ಮೇ ಫ್ಲವರ್, ಅದೇ ಗುಲ್‌ಮೊಹರ್. ಹೂ ಬಿಟ್ಟಾಗ ನೋಡಲು ಎರಡು ಕಣ್ಣು ಸಾಲದು, ಒಪ್ಪುತ್ತೇನೆ. ಮಡಗಾಸ್ಕರ್ ದ್ವೀಪದಿಂದ ಬಂದ ಮರ ಅದು. ಬೇರು ಮೇಲೆ ಮೇಲೆಯೇ ಹರಡುತ್ತದೆ, ರೆಂಬೆ ಸುಲಭವಾಗಿ ಮುರಿಯುತ್ತದೆ. ನಮಗೆ ನೆರಳು ಬೇಕಾದ ಮಾರ್ಚ್, ಏಪ್ರಿಲ್‌ನಲ್ಲೇ ಎಲೆ ಉದುರಿಸಿ ನಿಲ್ಲುತ್ತದೆ. ಪಡುವಣ ಗೋಡೆಗೆ ಅದರಿಂದ ಏನು ಉಪಕಾರ? ಮಳೆಮರ ಮೈದಾನಕ್ಕೆ ಸರಿ, ಮನೆಗೆ ಅಲ್ಲ. ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು, ಗಾಳಿಗೆ ಮುರಿದು ಬೀಳುವುದನ್ನು ಪ್ರತಿ ಮಳೆಗಾಲ ನೋಡುತ್ತೀರಿ. ಬೇವು ಒಳ್ಳೆಯ ಮರ, ಆದರೆ ಅದು ಒಣ ಸೀಮೆಯದು, ನಮ್ಮ ಮಳೆ ಅದಕ್ಕೆ ಜಾಸ್ತಿ. ಕಾಂಪೌಂಡ್ ಬದಿಗೆ ಬೇಗ ಬೆಳೆಯುತ್ತದೆ ಅಂತ ಈಗ ಕೊನೊಕಾರ್ಪಸ್ ಮಾರುತ್ತಾರೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದ್ದಾರೆ. ತರಬೇಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮಣ್ಣಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ಜೆಸಿಬಿ ತಂದು ಗುಡ್ಡೆ ಸಮ ಮಾಡಿದ ಜಾಗದಲ್ಲಿ ನಮ್ಮ ಮನೆಗಳು. ಮೇಲ್ಮಣ್ಣು ಲಾರಿಯಲ್ಲಿ ಹೋಯಿತು, ಉಳಿದದ್ದು ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ಅದರಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ನೀರು ನಿಂತು ಅದು ಬಾನಿಯ ಹಾಗೆ ಆಗುತ್ತದೆ, ಬೇರು ಕೊಳೆಯುತ್ತದೆ. ಮೂರಡಿ ಉದ್ದ, ಅಗಲ, ಆಳದ ಗುಂಡಿ ಮಾಡಿ. ತಗ್ಗಿನ ಬದಿಗೆ ನೀರು ಹೋಗಲು ಒಂದು ಕಣಿ ಕಡಿಯಿರಿ. ಸುಡುಮಣ್ಣು, ಹಟ್ಟಿಗೊಬ್ಬರ, ಒಳ್ಳೆಯ ಮಣ್ಣು ಸೇರಿಸಿ ತುಂಬಿಸಿ. ಸಸಿಯ ಬುಡ ಅಂಗಳಕ್ಕಿಂತ ನಾಲ್ಕು ಬೆರಳು ಎತ್ತರದಲ್ಲೇ ಇರಲಿ. ಹೊರಗಿನ ಮಣ್ಣು ತಂದು ತುಂಬಿಸಿದ ಬದಿಯಲ್ಲಿ ದೊಡ್ಡ ಮರ ಬೇಡ, ಅಲ್ಲಿ ಬೇರಿಗೆ ಹಿಡಿತ ಸಿಗುವುದಿಲ್ಲ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕುವವರಲ್ಲಿ ಕೈ ಮುಗಿದು ಕೇಳುತ್ತೇನೆ, ಮರದ ಸುತ್ತ ನಾಲ್ಕಡಿ ಮಣ್ಣು ಬಿಡಿ. ಕಾಂಡಕ್ಕೆ ತಾಗಿಸಿ ಸಿಮೆಂಟ್ ಕಟ್ಟೆ ಕಟ್ಟಬೇಡಿ. ಬಿದ್ದ ತರಗೆಲೆಗೆ ಬೆಂಕಿ ಹಾಕಬೇಡಿ, ಬುಡಕ್ಕೇ ಹಾಕಿ.

ಉಳಿದದ್ದು ಬೇಗ ಹೇಳುತ್ತೇನೆ. ಸಸಿ ಎರಡು ಮೂರು ಅಡಿಯದ್ದು ಸಾಕು. ಪ್ಲಾಸ್ಟಿಕ್ ತೊಟ್ಟೆಯೊಳಗೆ ಬೇರು ಸುತ್ತಿಕೊಂಡ ದೊಡ್ಡ ಸಸಿ ಬೇಡ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ನೆಟ್ಟರೆ ಬೇರಿಗೆ ನಾಲ್ಕು ತಿಂಗಳು ಸಿಗುತ್ತದೆ. ಮೊದಲ ಎರಡು ಮೂರು ಬೇಸಿಗೆ ನೀರು ಕೊಡಲೇಬೇಕು. ಆಧಾರಕ್ಕೆ ಕಟ್ಟಿದ ಹಗ್ಗವನ್ನು ಮರುವರ್ಷ ಬಿಚ್ಚಿ, ಇಲ್ಲದಿದ್ದರೆ ಕಾಂಡದೊಳಗೆ ಇಳಿಯುತ್ತದೆ. ತಂತಿಯ ಕೆಳಗೆ ಕರಿಬೇವು, ಪಾರಿಜಾತ, ನಿಂಬೆ ಸಾಕು. ಈಗಾಗಲೇ ಇರುವ ಮರ ಕಡಿಯುವ ಯೋಚನೆ ಇದ್ದರೆ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕಾಗುತ್ತದೆ. ಅದಕ್ಕೂ ಮೊದಲು ಆ ಮರ ಮನೆಯ ಯಾವ ಬದಿಯಲ್ಲಿದೆ ನೋಡಿ. ಪಡುವಣದಲ್ಲಿದ್ದು ಗಟ್ಟಿಯಾಗಿದ್ದರೆ ದಯವಿಟ್ಟು ಮುಟ್ಟಬೇಡಿ.

ಹಣ್ಣಿನ ಮರಗಳ ಬಗ್ಗೆ, ಹಲಸು, ಜೀಗುಜ್ಜೆ, ಮುಂಡಪ್ಪ ಮಾವು, ಇದನ್ನೆಲ್ಲ ಹೇಳಲು ಸಮಯ ಉಳಿಯಲಿಲ್ಲ. ಪ್ರಶ್ನೆಗಳಲ್ಲಿ ಬರಲಿ. ಬಾವಿಯ ಹತ್ತಿರ ಏನು ನೆಡಬಹುದು ಅಂತ ಹಿಂದಿನ ಸಾಲಿನ ಅಕ್ಕ ಆಗಲೇ ಕೈ ಎತ್ತಿದ್ದರು. ಅವರಿಂದಲೇ ಶುರು ಮಾಡೋಣ.