ಚರಂಡಿಗೆ ಬಾಯಿ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರು 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ತಾನಾಗಿಯೇ ಇಳಿಯಬೇಕು. ಆದರೂ ಜೋರು ಮಳೆ ಹುಯ್ದರೆ ರಸ್ತೆಯಲ್ಲಿ ಮೊಣಕಾಲುದ್ದ ನೀರು. ದೂರೆಲ್ಲ ರಾಜಕಾಲುವೆಯ ಮೇಲೆ. ಒತ್ತುವರಿ ಸುಳ್ಳಲ್ಲ. ಆದರೆ ಎಷ್ಟೋ ಕಡೆ ರಸ್ತೆ ತುಂಬಿದ ಹೊತ್ತಿನಲ್ಲಿ ಫುಟ್‌ಪಾತ್‌ ಕೆಳಗಿನ ಚರಂಡಿ ಅರ್ಧ ಖಾಲಿ ಇರುತ್ತದೆ. ನೀರಿಗೆ ಒಳಹೋಗುವ ದಾರಿಯೇ ಇಲ್ಲ.

ಲೆಕ್ಕ ನೋಡೋಣ. ಎರಡೂವರೆ ಎಕರೆ ಜಾಗ, ಪೂರ್ತಿ ಮನೆ, ಡಾಂಬರು. ಗಂಟೆಗೆ 50 ಮಿಲಿಮೀಟರ್‌ ಲೆಕ್ಕದಲ್ಲಿ ಮಳೆ. ಹತ್ತರಲ್ಲೊಂದು ಪಾಲು ಇಂಗಿತೆಂದರೂ ಸೆಕೆಂಡಿಗೆ 125 ಲೀಟರ್‌ ಹರಿದು ಬರುತ್ತದೆ. 200 ಮೀಟರಿಗೆ 1 ಮೀಟರ್‌ ಇಳಿಜಾರಿದ್ದರೆ 450 ಮಿಲಿಮೀಟರ್‌ ಕೊಳವೆ ಸೆಕೆಂಡಿಗೆ 200 ಲೀಟರ್‌ ಸಾಗಿಸುತ್ತದೆ. 300ರದ್ದು ಎಪ್ಪತ್ತು ದಾಟದು. ಸರಿ, ದೊಡ್ಡದನ್ನೇ ಹಾಕಿದರು ಅನ್ನಿ. ಫುಟ್‌ಪಾತ್‌ ಅಂಚಿನ ಕರ್ಬ್‌ ಕಲ್ಲಿನಲ್ಲಿ ನೀರು ಒಳಹೋಗಲು ಬಿಟ್ಟಿದ್ದು ಮಾತ್ರ ನಾಲ್ಕಿಂಚಿನ ಪಿವಿಸಿ ಪೈಪು! ರಸ್ತೆಯಂಚಿನಲ್ಲಿ ಅರ್ಧ ಅಡಿ ನೀರು ನಿಂತ ಮೇಲೂ ಅದರೊಳಗೆ ನುಗ್ಗುವುದು ಸೆಕೆಂಡಿಗೆ ಆರೇಳು ಲೀಟರ್‌. ಇಂಥವು ಹತ್ತೊಂಬತ್ತು ಬೇಕು. ಒಂದು ಹಾಲಿನ ಕವರ್‌, ನಾಲ್ಕು ಹೊಂಗೆ ಎಲೆ ಅಡ್ಡ ಬಂದರೆ ಅದೂ ಇಲ್ಲ.

ಅದೇ ತಗ್ಗಿನಲ್ಲಿ ಮೂರಡಿ ಅಗಲ, ಅರ್ಧ ಅಡಿ ಎತ್ತರದ ಬಾಯಿ ತೆರೆದರೆ ಅದೊಂದೇ ಸೆಕೆಂಡಿಗೆ ಎಂಬತ್ತು ಲೀಟರಿನಷ್ಟು ಎಳೆದುಕೊಳ್ಳುತ್ತದೆ. ಅದರ ಹಿಂದೆ ಚೇಂಬರ್‌ ಕಟ್ಟಿ, ತಳ ಕೊಳವೆಗಿಂತ ಒಂದಡಿ ಆಳವಿರಲಿ. ಮರಳು ಅಲ್ಲೇ ಕೂರುತ್ತದೆ, ಮೇಲಿನ ಮುಚ್ಚಳ ತೆಗೆದು ಬಾಚಬಹುದು. ಬಾಯಿ ಎಲ್ಲಿ ಬೇಕೆಂದು ಮಳೆಯೇ ಹೇಳುತ್ತದೆ: ಮಳೆ ನಿಂತ ಅರ್ಧ ಗಂಟೆಗೆ ಹೋಗಿ, ಕೊನೆಗೆ ನೀರು ಉಳಿದ ಕಡೆ ಬಣ್ಣದ ಗುರುತು ಹಾಕಿ.

ಇನ್ನು ಡಾಂಬರು. ಹಳೆಯದನ್ನು ಕೆರೆದು ತೆಗೆಯದೆ 40 ಮಿಲಿಮೀಟರಿನ ಪದರವನ್ನು ಮೂರು ಸಲ ಹಾಕಿದರೆ, ಆರಿಂಚಿನ ಬಾಯಿ ಒಂದೂಕಾಲು ಇಂಚಿಗೆ ಇಳಿಯಿತು. ಚರಂಡಿ ಕಟ್ಟಿಸುವವರು ಒಬ್ಬರು, ರಸ್ತೆ ಹಾಕಿಸುವವರು ಇನ್ನೊಬ್ಬರು. ಹಾಗಾಗಿ ಕೆರೆಯುವ ಕೆಲಸ ರಸ್ತೆಯ ಟೆಂಡರಿನಲ್ಲೇ ಸೇರಿರಬೇಕು. ಎತ್ತಿದ ಹೂಳನ್ನು ಅದೇ ದಿನ ಸಾಗಿಸಬೇಕು. ದಂಡೆಯಲ್ಲಿ ಬಿಟ್ಟರೆ ಮುಂದಿನ ಮಳೆಗೆ ಒಳಗೇ. ಚರಂಡಿಯೊಳಗೆ ಅಡ್ಡ ಹಾಯಿಸಿದ ಕೇಬಲ್ಲಿಗೆ ಒಂದು ಬಟ್ಟೆ ಸಿಕ್ಕಿಕೊಂಡರೂ ಕಸ ಅಣೆಕಟ್ಟು ಕಟ್ಟುತ್ತದೆ.

ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುನ್ನ ಇಂಜಿನಿಯರರು ರಸ್ತೆಯ ಮೇಲ್ತುದಿಯಲ್ಲಿ ಒಂದು ಟ್ಯಾಂಕರ್‌ ನೀರು ಬಿಡಿಸಲಿ. ಬಾಯಿ ದಾಟಿ ಮುಂದೆ ಹೋಗಿ ನೀರು ನಿಂತರೆ, ಅಲ್ಲಿ ಮಟ್ಟ ತಪ್ಪಿದೆ.